‘ಬಿಡ್ತು ಅನ್ನು’ ಎನ್ನುವವರಿಗೆ

ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತಿದೆ. ಯಾರಾದರೂ ಬಾಯಿತಪ್ಪಿ ಸಾವಿನ ಸುದ್ದಿ ಎತ್ತಿದರೆ ಸಾಕು, ಪಕ್ಕದಲ್ಲಿದ್ದ ಹಿರಿಯರು ತಟ್ಟನೆ ‘ಬಿಡ್ತು ಅನ್ನು, ಬಿಡ್ತು ಅನ್ನು’ ಎನ್ನುತ್ತಾರೆ. ಹೇಳಿದವರು ‘ಬಿಡ್ತು’ ಎಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಅಲ್ಲಿಗೆ ಸಾವು ಹೊಸ್ತಿಲಿನಿಂದಾಚೆ ಹೋಯಿತೆಂದು ಎಲ್ಲರಿಗೂ ಸಮಾಧಾನ. ಈ ಮಾತಿಗೆ ಜಾತಿ ಮತ ಇಲ್ಲ. ಲಿಂಗಾಯತರ ಮನೆಯಲ್ಲೂ ಕೇಳಿದ್ದೇನೆ, ಒಕ್ಕಲಿಗರ ಮನೆಯಲ್ಲೂ ಕೇಳಿದ್ದೇನೆ, ಯೇಸುಸ್ವಾಮಿಯ ಪವಿತ್ರ ಹೃದಯದ ಪಟದ ಕೆಳಗೆ ಕೆಂಪು ದೀಪ ಉರಿಸುವ ನಮ್ಮ ಕಥೋಲಿಕರ ಮನೆಗಳಲ್ಲೂ ಕೇಳಿದ್ದೇನೆ. ಆಡುವ ಮಗು ಏನೋ ಅಂದಾಗ ಹಾಗೆ ಹೇಳಿದರೆ ನನ್ನ ತಕರಾರಿಲ್ಲ. ಆದರೆ ಎಪ್ಪತ್ತೈದು ವರ್ಷದ ಹೆಂಗಸು, ಮೈಯೆಲ್ಲ ಕ್ಯಾನ್ಸರ್ ಹರಡಿದವಳು, ಸೊಸೆಯ ಕೈ ಹಿಡಿದು ‘ನಾನಿನ್ನು ಉಳಿಯಲ್ಲ ಕಣೇ’ ಎಂದಾಗಲೂ ‘ಬಿಡ್ತು ಅನ್ನಿ ಅತ್ತೆ’ ಎನ್ನುತ್ತೇವಲ್ಲ, ನನ್ನ ಜಗಳ ಅದರ ಮೇಲೆ.

ನಾನು ಅರಸೀಕೆರೆ ತಾಲ್ಲೂಕಿನ ಬಾಣಾವರದವಳು. ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಹೇಳುತ್ತೇನೆ. ಕಥೋಲಿಕಳು. ನಮ್ಮ ಕಡೆ ಕ್ರೈಸ್ತರ ಮನೆಗಳು ಕಡಿಮೆ, ಹಾಗಾಗಿ ಒಂದು ಮನೆಯಲ್ಲಿ ಯಾರಾದರೂ ಮಲಗಿದರೆ ಉಳಿದ ಮನೆಗಳವರೆಲ್ಲ ಹೋಗಿ ಕೂರುವುದು ರೂಢಿ. ಐವತ್ತು ದಾಟುವ ಹೊತ್ತಿಗೆ ಬಹಳ ಹಾಸಿಗೆಗಳ ಪಕ್ಕ ಕೂತಿದ್ದೇನೆ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡೇ ಹೇಳುತ್ತೇನೆ: ಸಾಯುತ್ತಿರುವವರಿಗೆ ‘ನಿಮಗೇನೂ ಆಗಿಲ್ಲ’ ಎಂದು ಹೇಳುವುದು ಕರುಣೆಯಲ್ಲ, ಕಳ್ಳತನ. ಅವರ ಕೈಯಲ್ಲಿ ಉಳಿದಿರುವ ಒಂದೇ ಒಂದು ಆಸ್ತಿ ಕೆಲವು ವಾರಗಳ ಸಮಯ. ಅದು ಎಷ್ಟಿದೆ ಎಂಬುದನ್ನು ಬಚ್ಚಿಟ್ಟು, ಅವರು ಅದನ್ನು ಖರ್ಚು ಮಾಡದ ಹಾಗೆ ಮಾಡಿಬಿಡುತ್ತೇವೆ.

ಈ ಕಳ್ಳತನ ಹೇಗೆ ನಡೆಯುತ್ತದೆಂದು ನಿಮಗೆಲ್ಲ ಗೊತ್ತೇ ಇದೆ. ಡಾಕ್ಟರು ರೋಗಿಯ ಮುಂದೆ ಏನೂ ಹೇಳುವುದಿಲ್ಲ. ಮಗನನ್ನೋ ಅಳಿಯನನ್ನೋ ಕಾರಿಡಾರಿಗೆ ಕರೆಯುತ್ತಾರೆ. ಗಂಡಸರು ಅಲ್ಲಿ ನಿಂತು ಮಾತಾಡಿಕೊಂಡು ಬರುತ್ತಾರೆ. ಬಂದು ಹೆಂಗಸರಿಗೆ ಅಪ್ಪಣೆ ಕೊಡುತ್ತಾರೆ, ‘ಅಮ್ಮನಿಗೆ ಗೊತ್ತಾಗಬಾರದು, ನೀವು ಅಳಬೇಡಿ.’ ಆಮೇಲೆ ಅವರು ಅಂಗಡಿಗೆ, ಆಫೀಸಿಗೆ, ತೋಟಕ್ಕೆ ಹೋಗುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ಹಾಸಿಗೆಯ ಹತ್ತಿರ ಇರುವವಳು ಯಾರು? ಗಂಜಿ ಕುಡಿಸುವವಳು, ಬಟ್ಟೆ ಬದಲಿಸುವವಳು, ರಾತ್ರಿ ಮೂರು ಗಂಟೆಗೆ ‘ನಿಜ ಹೇಳೇ, ನಂಗೇನಾಗಿದೆ?’ ಎಂಬ ಪ್ರಶ್ನೆಯನ್ನು ಒಬ್ಬಳೇ ಎದುರಿಸುವವಳು ಯಾರು? ಸುಳ್ಳಿನ ತೀರ್ಮಾನ ಗಂಡಸರದು, ಅದನ್ನು ದಿನಕ್ಕೆ ಹತ್ತು ಸಲ ನಾಲಿಗೆಯ ಮೇಲೆ ಹೊರುವ ಕೆಲಸ ನಮ್ಮದು. ಇದಕ್ಕೇ ನಾನು ಹೆಂಗಸರನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ.

ನನ್ನ ದೊಡ್ಡಮ್ಮ, ತಾಯಿಯ ಅಕ್ಕ, 2009ರಲ್ಲಿ ಹೋದರು. ಅಕ್ಕತಂಗಿಯರ ನಡುವೆ ತೆಂಗಿನ ತೋಟದ ಪಾಲಿನ ವಿಷಯಕ್ಕೆ ಹನ್ನೊಂದು ವರ್ಷ ಮಾತಿರಲಿಲ್ಲ. ದೊಡ್ಡಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಮಕ್ಕಳಿಗೆ ಗೊತ್ತಿತ್ತು, ಅವರಿಗೆ ಮಾತ್ರ ‘ಹುಣ್ಣಾಗಿದೆ, ಮಾತ್ರೆಗೆ ಮಾಯುತ್ತೆ’ ಎಂದು ಹೇಳಿದ್ದರು. ನಮ್ಮ ಮನೆಗೂ ಸುದ್ದಿ ಕೊಟ್ಟಿರಲಿಲ್ಲ. ‘ರಾಗಿ ಕೊಯ್ಲು ಮುಗೀಲಿ, ಬಾಣಾವರಕ್ಕೆ ಹೋಗಿ ತಂಗಿನ ಮಾತಾಡಿಸ್ಕೊಂಡು ಬರ್ತೀನಿ’ ಎಂದು ಆಕೆ ಸೊಸೆಯ ಹತ್ತಿರ ಹೇಳಿದ್ದರಂತೆ. ಸೊಸೆಗೆ ಕೊಯ್ಲಿನವರೆಗೆ ಕಾಲವಿಲ್ಲವೆಂದು ಗೊತ್ತಿತ್ತು, ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಜ್ಞಾನ ತಪ್ಪಿದ ಮೇಲೆ ನಮಗೂ ಫೋನು ಬಂತು, ಸ್ವಾಮಿಗಳಿಗೂ ಫೋನು ಹೋಯಿತು. ಕಿವಿ ಕೇಳದವರ ಹಣೆಗೆ ಅವರು ಎಣ್ಣೆ ಹಚ್ಚಿದರು. ನನ್ನ ತಾಯಿ ಹೋಗಿ ಮಾತಾಡಿದ್ದು ಪೆಟ್ಟಿಗೆಯ ಜೊತೆ. ಎಲ್ಲರೂ ‘ಪುಣ್ಯಾತ್ಗಿತ್ತಿ, ಏನೂ ಗೊತ್ತಾಗದ ಹಾಗೆ ಹೋದಳು’ ಅಂದರು. ಏನೂ ಗೊತ್ತಾಗದ ಹಾಗೆ ಹೋಗುವುದು ಅಷ್ಟು ದೊಡ್ಡ ಪುಣ್ಯವೇ ಎಂದು ಆವತ್ತಿನಿಂದ ನಾನು ಕೇಳುತ್ತಲೇ ಇದ್ದೇನೆ.

ಉಳಿದವರ ಮಾತು ಹಾಗಿರಲಿ, ನಮ್ಮವರ ಮಾತೇ ನೋಡೋಣ. ಕಥೋಲಿಕರ ಮನೆಯಲ್ಲಿ ಸಂಜೆ ಜಪಸರ ಹೇಳುತ್ತಾರೆ. ಐದು ಹತ್ತುಗಳು ಐವತ್ತು, ಶುರುವಿನಲ್ಲಿ ಮೂರು, ಒಟ್ಟು ಐವತ್ತಮೂರು ‘ನಮೋ ಮರಿಯಾ’. ಆ ಪ್ರಾರ್ಥನೆಯ ಕೊನೆಯಲ್ಲಿ ದೇವಮಾತೆಯನ್ನು ಎರಡು ಹೊತ್ತಿಗಾಗಿ ಬೇಡುತ್ತೇವೆ, ಈ ಗಳಿಗೆಗೆ ಮತ್ತು ನಾವು ಸಾಯುವ ಗಳಿಗೆಗೆ. ಅಂದರೆ ಜಪಸರ ತಪ್ಪಿಸದ ಹೆಂಗಸು ದಿನಕ್ಕೆ ಐವತ್ತಮೂರು ಸಲ ತನ್ನ ಸಾವಿನ ಹೆಸರು ಹೇಳುತ್ತಾಳೆ. ತಪಸ್ಸು ಕಾಲದ ಮೊದಲ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಮಣ್ಣಿಗೆ ಹೋಗುವವರು ನಾವು ಎಂದು ಕೇಳಿಸಿಕೊಂಡು ಬರುತ್ತಾಳೆ. ನವೆಂಬರ್ 2ರಂದು ಸಮಾಧಿಗಳ ಮೇಲೆ ಹೂವಿಟ್ಟು ಮೊಂಬತ್ತಿ ಹಚ್ಚುತ್ತಾಳೆ. ಇಷ್ಟೆಲ್ಲ ಅಭ್ಯಾಸ ಮಾಡಿಸಿದ ಧರ್ಮದಲ್ಲಿ ಹುಟ್ಟಿ, ಆ ಗಳಿಗೆ ನಿಜವಾಗಿ ಬಾಗಿಲಿಗೆ ಬಂದಾಗ ‘ಬಿಡ್ತು ಅನ್ನು’ ಎಂದರೆ, ವರ್ಷವಿಡೀ ಪಾಠ ಓದಿ ಪರೀಕ್ಷೆಯ ದಿನ ಶಾಲೆಗೆ ಬಾರದ ಹುಡುಗನಿಗೂ ನಮಗೂ ಏನು ವ್ಯತ್ಯಾಸ?

ಸ್ವಾಮಿಗಳನ್ನು ಕರೆಸುವ ವಿಷಯ ಇನ್ನೂ ಬೇಸರದ್ದು. ‘ಪಾದ್ರಿ ಬಂದರೆ ಅವರಿಗೆ ಗೊತ್ತಾಗಿಬಿಡುತ್ತೆ’ ಎಂದು ಜ್ಞಾನ ತಪ್ಪುವವರೆಗೆ ಕಾಯುತ್ತಾರೆ. ಹಿಂದೆ ಈ ಸಂಸ್ಕಾರಕ್ಕೆ ಅಂತಿಮ ಅಭ್ಯಂಗನ ಎಂಬ ಹೆಸರಿತ್ತು, ಹಾಗಾಗಿ ಎಣ್ಣೆ ಬಂತೆಂದರೆ ಕತೆ ಮುಗಿಯಿತು ಎಂಬ ಭಯ ಹುಟ್ಟಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ರೋಗಿಗಳ ಅಭ್ಯಂಗನ ಎಂದು ಕರೆಯುವುದೇ ಸರಿ, ಕೊನೆಯುಸಿರಿನವರೆಗೆ ಕಾಯಬೇಕಾಗಿಲ್ಲ ಎಂದಿತು. 1972ರಲ್ಲಿ ಆರನೇ ಪೌಲ್ ಜಗದ್ಗುರುಗಳು ಹೊಸ ವಿಧಿಯನ್ನೇ ಕೊಟ್ಟರು. ದೊಡ್ಡ ಆಪರೇಷನ್ನಿಗೆ ಮುಂಚೆ ಪಡೆಯಬಹುದು, ವಯಸ್ಸಾಗಿ ಬಲಗುಂದಿದವರು ಪಡೆಯಬಹುದು, ಕಾಯಿಲೆ ಹೆಚ್ಚಾದರೆ ಮತ್ತೆ ಪಡೆಯಬಹುದು. ಅರ್ಧ ಶತಮಾನ ಕಳೆದರೂ ನಮ್ಮ ಮನೆಗಳಿಗೆ ಈ ಸುದ್ದಿ ಮುಟ್ಟಿಲ್ಲ!

ನಿಜವಾಗಿ ಕೊನೆಯ ಸಂಸ್ಕಾರ ಎಂದರೆ ಸಾಯುವವರು ಸ್ವೀಕರಿಸುವ ಪರಮಪ್ರಸಾದ. ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ವಿಯಾಟಿಕಂ’ ಎಂಬ ಹೆಸರು, ಎಂದರೆ ದಾರಿಯ ಬುತ್ತಿ. ಬುತ್ತಿ ಕಟ್ಟುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಕ್ಕಳು ಹಾಸ್ಟೆಲಿಗೆ ಹೊರಟರೆ, ಗಂಡ ಪರವೂರಿಗೆ ಹೊರಟರೆ ಹಿಂದಿನ ರಾತ್ರಿಯೇ ಚಟ್ನಿಪುಡಿ ಕುಟ್ಟಿ ರೊಟ್ಟಿ ಸುಟ್ಟಿಡುತ್ತೇವೆ. ಅತ್ಯಂತ ದೂರದ ಪ್ರಯಾಣಕ್ಕೆ ಮಾತ್ರ, ರೈಲು ಬಾಣಾವರ ಬಿಟ್ಟು ಕಡೂರು ದಾಟಿದ ಮೇಲೆ ಪ್ಲಾಟ್‌ಫಾರಂ ಮೇಲೆ ಬುತ್ತಿ ಹಿಡಿದುಕೊಂಡು ಓಡುತ್ತೇವೆ. ಬುತ್ತಿ ಉಣ್ಣುವವರಿಗೆ ಎಚ್ಚರ ಇರಬೇಕು ತಾಯಂದಿರೇ. ನುಂಗುವಷ್ಟು ಶಕ್ತಿ ಇರಬೇಕು.

‘ಸಾವಿನ ಮಾತಾಡುವುದು ನಮ್ಮ ಸಂಸ್ಕೃತಿಯಲ್ಲ ಮೇಡಂ, ಇದೆಲ್ಲ ನಿಮ್ಮ ಪರದೇಶದ ಪದ್ಧತಿ’ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ಯಾವ ಸಂಸ್ಕೃತಿ ಎಂದು ಕೇಳಿದೆ. ಬಾಣಾವರದಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿ, ಈ ಸೀಮೆಯ ಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವಿನ ಸಾಲಿನಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನ ಸಾಲಿನಲ್ಲಿ ಆತ ಶಿವಲಿಂಗದ ಸನ್ನಿಧಿಯಲ್ಲಿ ಕೂತಿರುವುದು. ನಮ್ಮ ಹಿರಿಯರು ಸಾವನ್ನು ಊರ ಮುಂದೆ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದರು, ಓದಲು ಬಾರದ ಮಕ್ಕಳಿಗೂ ತಿಳಿಯುವ ಹಾಗೆ. ನಮ್ಮದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ ತೆಗೆದುಕೊಂಡವರ ಶಾಸನಗಳಿವೆ. ಹಳೆಯವು ಸಾವಿರದ ನಾನ್ನೂರು ವರ್ಷದಷ್ಟು ಹಿಂದಿನವು. ಅವರ ದಾರಿ ನಮ್ಮ ದಾರಿಯಲ್ಲ. ನಾವು ಕಥೋಲಿಕರು ಸಾವನ್ನು ನಾವಾಗಿ ಬರಮಾಡಿಕೊಳ್ಳುವುದನ್ನು ಒಪ್ಪುವುದಿಲ್ಲ. ಆದರೆ ಸಾವಿನ ಮುಖವನ್ನು ನೇರವಾಗಿ ನೋಡುವುದು ಈ ನೆಲಕ್ಕೆ ಹೊಸತೆಂದು ಮಾತ್ರ ಯಾರೂ ನನಗೆ ಹೇಳಬೇಡಿ.

‘ತಿಳಿದರೆ ಧೈರ್ಯಗೆಟ್ಟು ಬೇಗ ಹೋಗಿಬಿಡುತ್ತಾರೆ’ ಎನ್ನುವವರಿಗೆ ನನ್ನ ತಾಯಿಯ ವಿಷಯ ಹೇಳುತ್ತೇನೆ. ಅಕ್ಕನ ಮಣ್ಣು ಮಾಡಿ ಬಂದ ರಾತ್ರಿಯೇ ಅಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ‘ನಂಗೆ ಬಂದಾಗ ನೀವು ಹೀಗೆ ಮಾಡ್ಬೇಡಿ’ ಎಂದಿದ್ದರು. 2014ರಲ್ಲಿ ಅವರಿಗೆ ಲಿವರಿನಲ್ಲಿ ಗೆಡ್ಡೆ ಎಂದು ಗೊತ್ತಾಯಿತು. ಡಾಕ್ಟರು ನನ್ನ ತಮ್ಮನನ್ನು ಹೊರಗೆ ಕರೆದಾಗ ಅಮ್ಮ ಮಂಚದ ಮೇಲಿಂದಲೇ ‘ಇಲ್ಲೇ ಹೇಳಿ ಸ್ವಾಮಿ, ಹೊಟ್ಟೆ ನಂದು’ ಎಂದರು. ಆ ಡಾಕ್ಟರು ಒಳ್ಳೆಯವರು, ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ಎರಡು ದಿನ ಅಮ್ಮ ಊಟ ಬಿಟ್ಟರು, ಅತ್ತರು, ದೇವರ ಮೇಲೆ ಜಗಳ ಆಡಿದರು. ಮೂರನೇ ದಿನ ಸ್ವಾಮಿಗಳನ್ನು ಕರೆಸಿ ಪಾಪನಿವೇದನೆ ಮಾಡಿದರು. ಆಮೇಲೆ ಒಂಬತ್ತು ವಾರ ಇದ್ದರು. ತೋಟದ ಕಾಗದದಲ್ಲಿ ನನ್ನ ಹೆಸರೂ ಬರುವ ಹಾಗೆ ಮಾಡಿದರು. ಅಕ್ಕನ ಮಕ್ಕಳನ್ನು ಕರೆಸಿ ಹಳೆಯ ಪಾಲಿನ ಜಗಳ ತೀರಿಸಿದರು. ಪಕ್ಕದ ಮನೆಯ ಹಿತ್ತಾಳೆ ಹಂಡೆ ವಾಪಸು ಹೋಯಿತು. ಪೆಟ್ಟಿಗೆಯಲ್ಲಿ ಯಾವ ಸೀರೆ ಉಡಿಸಬೇಕೆಂದು ತೆಗೆದಿಟ್ಟು, ರವಿಕೆ ಸಡಿಲವಾಗುತ್ತದೆಂದು ಹೊಲಿಗೆ ಹಾಕಿಸಿದರು. ಹೆದರಿಕೆ ಹೋಯಿತೇ? ಇಲ್ಲ. ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ, ಕೈ ಹಿಡಿದುಕೊಂಡೇ ಇರಬೇಕಿತ್ತು. ಆದರೆ ಆ ಹೆದರಿಕೆಯನ್ನು ಒಬ್ಬರೇ ಹೊರಲಿಲ್ಲ. ಕೊನೆಯ ಹಿಂದಿನ ದಿನ ಪರಮಪ್ರಸಾದದ ಒಂದು ಚೂರನ್ನು ಚಮಚದ ನೀರಿನಲ್ಲಿ ನುಂಗಿದರು. ಬುತ್ತಿ ಕಟ್ಟಿ ಕಳಿಸಿದೆವು ಎಂಬ ನೆಮ್ಮದಿ ನಮಗಿದೆ.

ಇನ್ನೊಂದು ಬಗೆಯ ‘ಬಿಡ್ತು ಅನ್ನು’ ಪ್ರಾರ್ಥನೆಯ ವೇಷದಲ್ಲಿ ಬರುತ್ತದೆ. ‘ವಿಶ್ವಾಸ ಇದ್ದರೆ ವಾಸಿಯಾಗಿಯೇ ತೀರುತ್ತೆ, ಸಾವಿನ ಮಾತಾಡುವುದೇ ಅವಿಶ್ವಾಸ’ ಎಂದು ರೋಗಿಯ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಕೂಗುವವರನ್ನು ನೋಡಿದ್ದೇನೆ. ವಾಸಿಯಾಗದಿದ್ದರೆ? ತಪ್ಪು ರೋಗಿಯದು, ವಿಶ್ವಾಸ ಸಾಲದಾಯಿತು! ನೋವಿನ ಮೇಲೆ ಅಪರಾಧದ ಹೊರೆ ಬೇರೆ. ಪವಾಡಕ್ಕಾಗಿ ಬೇಡಬಾರದೆಂದು ನಾನು ಹೇಳುತ್ತಿಲ್ಲ. ಯೇಸುಸ್ವಾಮಿಯೇ ಗೆತ್ಸೆಮನಿ ತೋಪಿನಲ್ಲಿ ಈ ಪಾಡು ತಪ್ಪುವುದಾದರೆ ತಪ್ಪಲಿ ಎಂದು ಬೇಡಿದರು. ಹೆದರಿ ಬೆವೆತರು. ಸ್ನೇಹಿತರನ್ನು ಒಂದು ಗಂಟೆ ತನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿದರು, ಅವರು ನಿದ್ದೆ ಮಾಡಿದರು. ದೇವಪುತ್ರನಿಗೇ ಬಂದ ಹೆದರಿಕೆ ನಮ್ಮ ಅತ್ತೆಗೆ, ಅಮ್ಮನಿಗೆ ಬಂದರೆ ಅದು ಅವಿಶ್ವಾಸ ಹೇಗಾಗುತ್ತದೆ? ಸಾಯುವವರು ಕೇಳುವುದು ಆ ಒಂದು ಗಂಟೆಯ ಎಚ್ಚರವನ್ನು. ನಾವು ಹೇಳುವ ಸುಳ್ಳೂ ಒಂದು ಬಗೆಯ ನಿದ್ದೆಯೇ.

ಮದರ್ ತೆರೇಸಾ ನಮ್ಮ ಹಾಗೆ ಶಾಲೆಯ ಟೀಚರಾಗಿದ್ದವರು. ಕಲ್ಕತ್ತೆಯ ಎಂಟಾಲಿಯಲ್ಲಿ ಪಾಠ ಹೇಳುತ್ತಿದ್ದರು. ಅವರು ತೀರಿಕೊಂಡದ್ದು 1997ರ ಸೆಪ್ಟೆಂಬರ್ 5ರಂದು, ನಮ್ಮ ಶಿಕ್ಷಕರ ದಿನಾಚರಣೆಯ ದಿನ. 1952ರಲ್ಲಿ ಕಾಳಿಘಾಟಿನ ಕಾಳಿಗುಡಿಯ ಪಕ್ಕದ ಹಳೆಯ ಛತ್ರದಲ್ಲಿ ಅವರು ತೆರೆದ ನಿರ್ಮಲ ಹೃದಯಕ್ಕೆ ಬೀದಿಯಲ್ಲಿ ಸಾಯುತ್ತಿದ್ದವರನ್ನು ತಂದು ಮಲಗಿಸುತ್ತಿದ್ದರು. ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿಗೆ ಒಂದು ಸಂಗತಿ ತಿಳಿಯಿತು. ದಶಕಗಳ ಕಾಲ ಆಕೆಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ, ಒಳಗೆಲ್ಲ ಕತ್ತಲು. ಆದರೂ ಬೆಳಗ್ಗೆ ಎದ್ದು ಪೂಜೆಗೆ ಹೋದರು, ಸಾಯುವವರ ಗಾಯ ತೊಳೆದರು. ನಂಬಿಕೆ ಎಂದರೆ ಎದೆಯಲ್ಲಿ ಸದಾ ಉಕ್ಕುವ ಸಂತೋಷ ಎಂದುಕೊಂಡವರು ಇದನ್ನು ಯೋಚಿಸಬೇಕು. ಹಾಸಿಗೆಯಲ್ಲಿರುವವರು ‘ದೇವರು ಕಾಣ್ತಾ ಇಲ್ಲ’ ಎಂದರೆ ಬೈಯಬೇಡಿ.

ಅದೇ ನಿರ್ಮಲ ಹೃದಯದಲ್ಲಿ ನೋವು ಕಡಿಮೆ ಮಾಡುವ ಔಷಧ ಸಾಲದಾಗಿತ್ತು ಎಂಬ ಟೀಕೆಯೂ ಬಂದಿದೆ. ಆ ಟೀಕೆಯನ್ನು ತಳ್ಳಿಹಾಕುವವಳಲ್ಲ ನಾನು. ‘ಯೇಸುವಿನ ಪಾಡಿನ ಜೊತೆ ಒಪ್ಪಿಸಿಬಿಡಿ’ ಎಂದು ನರಳುವವರಿಗೆ ಉಪದೇಶ ಮಾಡಿ ಮಾರ್ಫಿನ್ ಕೊಡಿಸದೆ ಕೂರುವವರು ಧರ್ಮ ತಿಳಿದವರಲ್ಲ. ಹನ್ನೆರಡನೇ ಪಿಯುಸ್ ಜಗದ್ಗುರುಗಳು 1957ರಲ್ಲೇ, ನೋವು ತಡೆಯುವ ಔಷಧದಿಂದ ಆಯುಸ್ಸು ಸ್ವಲ್ಪ ಕಡಿಮೆಯಾಗಬಹುದಾದರೂ, ನೋವು ತಗ್ಗಿಸುವುದೇ ಉದ್ದೇಶವಾಗಿದ್ದರೆ ಕೊಡಬಹುದು ಎಂದು ಹೇಳಿದ್ದಾರೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ಬಂದು ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವ ಲೈಸೆನ್ಸಿನ ತೊಡಕೂ ಕಡಿಮೆಯಾಗಿದೆ. ಬೆಂಗಳೂರಿನ ಕರುಣಾಶ್ರಯ, 1994ರಲ್ಲಿ ಟ್ರಸ್ಟಾಗಿ ಶುರುವಾಗಿ 1999ರಿಂದ ಸ್ವಂತ ಕಟ್ಟಡದಲ್ಲಿ ನಡೆಯುತ್ತಿರುವ ಸಂಸ್ಥೆ, ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಜಾತಿ ಮತ ಕೇಳದೆ, ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಆದರೆ ಅಲ್ಲಿಗೆ ಹೋಗಬೇಕಾದರೂ ಮೊದಲು ಮನೆಯವರು ‘ಇನ್ನು ವಾಸಿಯಾಗುವುದಿಲ್ಲ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಬೇಕಲ್ಲ! ಬಿಡ್ತು ಅನ್ನುವ ಮನೆಗೆ ಮಾರ್ಫಿನ್ನೂ ತಡವಾಗಿಯೇ ಬರುತ್ತದೆ.

ಬರುವುದು ಯಾವುದು? ವೆಂಟಿಲೇಟರು. ಒಡವೆ ಗಿರವಿಟ್ಟು, ತೋಟದ ಮೇಲೆ ಸಾಲ ಎತ್ತಿ, ಕೊನೆಯ ಹತ್ತು ದಿನ ಗಾಜಿನ ಬಾಗಿಲಿನಾಚೆ ಇಡುತ್ತಾರೆ. ಮಗಳಿಗೆ ಸಂಜೆ ಹತ್ತು ನಿಮಿಷ ನೋಡಲು ಬಿಡುತ್ತಾರೆ. ಇದನ್ನೆಲ್ಲ ಮಾಡದಿದ್ದರೆ ಪಾಪ ಎಂದು ಕಥೋಲಿಕರಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಪಾಪವಲ್ಲ. ಅದೇ 1957ರಲ್ಲಿ ಅದೇ ಜಗದ್ಗುರುಗಳು, ಜೀವ ಉಳಿಸಿಕೊಳ್ಳಲು ಸಾಧಾರಣ ಚಿಕಿತ್ಸೆ ಸಾಕು, ಅಸಾಧಾರಣ ಸಾಧನಗಳಿಗೆ ಜೋತುಬೀಳುವುದು ಕಡ್ಡಾಯವಲ್ಲ ಎಂದಿದ್ದಾರೆ. ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಬೇರೆ, ಸಾಯುವವರನ್ನು ಸಾಯಲು ಬಿಡುವುದು ಬೇರೆ. ಈಗ ಕಾನೂನೂ ಈ ಎರಡನೆಯದನ್ನು ಒಪ್ಪಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರಲ್ಲಿ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ಎಚ್.ಬಿ. ಕರಿಬಸಮ್ಮನವರೂ ನಿವೃತ್ತ ಶಿಕ್ಷಕಿಯೇ. ದಯಾಮರಣದ ಬಗ್ಗೆ ಅವರಿಗೂ ನನ್ನ ಧರ್ಮಕ್ಕೂ ಒಮ್ಮತ ಇಲ್ಲ. ಆದರೆ ಇಡೀ ರಾಜ್ಯ ಬಿಡ್ತು ಅನ್ನುತ್ತಿದ್ದಾಗ ಒಬ್ಬ ಟೀಚರು ಎದ್ದು ನಿಂತು ಆ ಮಾತನ್ನು ಆಡಿದರಲ್ಲ, ಅದಕ್ಕೆ ನನ್ನ ಗೌರವ ಇದೆ.

ಫ್ರಾನ್ಸಿಸ್ ಜಗದ್ಗುರುಗಳನ್ನು ನೆನೆಸಿಕೊಳ್ಳಿ. 88 ವರ್ಷದ ಅವರು 2025ರ ಫೆಬ್ರವರಿ 14ರಂದು ಆಸ್ಪತ್ರೆ ಸೇರಿದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ಸ್ಥಿತಿ ಗಂಭೀರವೆಂದು ವ್ಯಾಟಿಕನ್ ಲೋಕಕ್ಕೆಲ್ಲ ತಿಳಿಸಿತು. ಐದು ವಾರದ ಮೇಲೆ ಮನೆಗೆ ಬಂದರು, ಪಾಸ್ಕ ಹಬ್ಬದ ಭಾನುವಾರ ಜನರ ಮುಂದೆ ಬಂದು ಆಶೀರ್ವಾದ ಕೊಟ್ಟರು, ಮರುದಿನ ಏಪ್ರಿಲ್ 21ರಂದು ತಮ್ಮ ನಿವಾಸದಲ್ಲೇ ಪ್ರಾಣ ಬಿಟ್ಟರು. ಎಲ್ಲಿ ಹೂಳಬೇಕು, ಕಲ್ಲಿನ ಮೇಲೆ ಏನು ಬರೆಯಬೇಕು ಎಂಬುದನ್ನು 2022ರಲ್ಲೇ ಬರೆದಿಟ್ಟಿದ್ದರು. ಅಲಂಕಾರ ಬೇಡ, ಹೆಸರೊಂದೇ ಸಾಕು ಎಂದಿದ್ದರು. ಜಗದ್ಗುರುಗಳು ಬರೆದಿಟ್ಟರೆ ಅಪಶಕುನವಾಗಲಿಲ್ಲ, ನಾವು ಬರೆದರೆ ಆಗುತ್ತದೆಯೇ?

ಹಾಗಾದರೆ ಭರವಸೆ ಎಂದರೇನು ಎಂದು ಕೇಳುತ್ತೀರಿ. ನಮ್ಮ ದೇವಾಲಯಗಳಲ್ಲಿ ಸಂತ ಜೋಸೆಫರನ್ನು ಒಳ್ಳೆಯ ಮರಣದ ಪಾಲಕರೆಂದು ಬೇಡುತ್ತೇವೆ. ಒಂದು ಪಕ್ಕದಲ್ಲಿ ಯೇಸು, ಇನ್ನೊಂದು ಪಕ್ಕದಲ್ಲಿ ಮರಿಯಾ ಇದ್ದಾಗ ಅವರು ಕಣ್ಣು ಮುಚ್ಚಿದರು ಎಂಬುದು ಪರಂಪರೆಯಿಂದ ಬಂದ ನಂಬಿಕೆ. ಆ ಚಿತ್ರದಲ್ಲಿ ಜೋಸೆಫರಿಗೆ ವಾಸಿಯಾಗುವುದಿಲ್ಲ. ಮಗನೇ ಪವಾಡಪುರುಷ, ಆದರೂ ಸಾಯುತ್ತಾರೆ. ನಮ್ಮ ಹಿರಿಯರು ಅದನ್ನೇ ಒಳ್ಳೆಯ ಮರಣ ಎಂದರು, ಏಕೆಂದರೆ ಎರಡು ಪಕ್ಕದಲ್ಲೂ ನಿಜ ತಿಳಿದು ಕೂತವರಿದ್ದರು. ಸಾವಿನಾಚೆ ನಮ್ಮನ್ನು ಎತ್ತಿಕೊಳ್ಳುವವನಿದ್ದಾನೆ ಎಂದು ನಾನು ನಂಬುತ್ತೇನೆ. ನಿಮ್ಮ ನಂಬಿಕೆ ಬೇರೆ ಇರಬಹುದು. ಆದರೆ ಈಚೆ ದಡದಲ್ಲಿ ಕೈ ಹಿಡಿದು ಕೂರುವ ಕೆಲಸ ಎಲ್ಲ ಧರ್ಮದವರಿಗೂ ಒಂದೇ.

ನಿಜ ಹೇಳುವುದೆಂದರೆ ತಲೆಯ ಮೇಲೆ ಕಲ್ಲು ಹಾಕಿದ ಹಾಗೆ ಹೇಳುವುದಲ್ಲ. ಕೆಲವರಿಗೆ ತಿಳಿಯುವುದು ಬೇಡವಾಗಿರುತ್ತದೆ, ಅವರನ್ನು ಬಲವಂತ ಮಾಡಬಾರದು. ಅವರು ಕೇಳಿದಷ್ಟಕ್ಕೆ, ಕೇಳಿದಾಗ, ಅವರ ಭಾಷೆಯಲ್ಲಿ ಹೇಳಿ. ‘ಉಳೀತೀನಾ?’ ಎಂದರೆ ‘ನಿಮಗೇನನ್ನಿಸುತ್ತೆ?’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಬಹಳ ಸಲ ಅವರಿಗೆ ಮೊದಲೇ ಗೊತ್ತಿರುತ್ತದೆ, ನಾವು ಬಾಯಿ ಬಿಡಲೆಂದು ಕಾಯುತ್ತಿರುತ್ತಾರೆ. ಯಾರನ್ನು ನೋಡಬೇಕು, ಯಾರಿಗೆ ಏನು ಕೊಡಬೇಕು, ಸ್ವಾಮಿಗಳು ಬೇಕೇ, ಐನೋರು ಬೇಕೇ ಎಂದು ಕೇಳಿ. ಕಾರಿಡಾರಿನಲ್ಲಿ ಗಂಡಸರು ಗುಂಪುಗೂಡಿದರೆ ನೀವೂ ಹೋಗಿ ನಿಲ್ಲಿ. ರಾತ್ರಿ ಮೂರು ಗಂಟೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವಾದ್ದರಿಂದ, ಸುಳ್ಳು ಹೇಳಿ ಎಂಬ ಅಪ್ಪಣೆಗೆ ‘ಆಗಲ್ಲ’ ಎನ್ನುವ ಹಕ್ಕೂ ನಿಮ್ಮದು.

ನನ್ನದನ್ನು ನಾನು ಒಂದು ಹಾಳೆಯಲ್ಲಿ ಬರೆದು, ನೋಟರಿ ಸಹಿ ಮಾಡಿಸಿ, ಬೀರುವಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇಟ್ಟಿದ್ದೇನೆ. ಮಗಳಿಗೆ ತೋರಿಸಿದಾಗ ಅವಳೂ ‘ಬಿಡ್ತು ಅನ್ನಮ್ಮ’ ಎಂದಳು. ನಾನು ಅನ್ನಲಿಲ್ಲ. ಕೂರಿಸಿ ಪೂರ್ತಿ ಓದಿಸಿದೆ.